ಕಚ್ಚಾ ಹೊಲಿಗೆ ಬಿಚ್ಚುವುದಿಲ್ಲ

ಮಾರ್ಚ್ ೧೧, ಮಂಗಳವಾರ ರಾತ್ರಿ

ತಮ್ಮ ಇವತ್ತೂ ಬಂದು ಅದೇ ರಾಗ ಎಳೆದ. "ನೋವು ಹೋಯ್ತಲ್ಲಕ್ಕ, ಮನೆಗೆ ನಡಿ. ಅಂಗಡೀಲಿ ಹೊಲಿಯೋ ಬಟ್ಟೆ ರಾಶಿ ಬಿದ್ದಿದೆ. ಕಿವಿನೋವಿಗೆ ಯಾರಾದ್ರೂ ಒಂದೂವರೆ ತಿಂಗಳು ಆಸ್ಪತ್ರೇಲಿ ಮಲಗ್ತಾರಾ?"

ಕಿವಿನೋವಂತೆ! ಈ ಸಕ್ಕರೆ ಕಾಯಿಲೆಯ ಮೈಯಲ್ಲಿ ಸೋಂಕು ಕಿವಿಯಿಂದ ತಲೆಬುರುಡೆಯ ಮೂಳೆಗೇ ಇಳಿದಿದೆ. ನೋವು ಮೊದಲು ಹೋಗುತ್ತೆ, ಮೂಳೆಯೊಳಗಿನ ಸೋಂಕು ಕೊನೆಗೆ. ನಡುವೆ ಆಂಟಿಬಯಾಟಿಕ್ ನಿಲ್ಲಿಸಿದರೆ ಮುಖವೇ ಸೊಟ್ಟಗಾಗಬಹುದು ಅಂತ ಡಾಕ್ಟರಮ್ಮ ಅವನೆದುರಿಗೇ ಹೇಳಿದ್ದರು. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ಅವನವು ಎರಡೂ ನೆಟ್ಟಗಿವೆ, ಏನು ಬಂತು?

"ಕಚ್ಚಾ ಹೊಲಿಗೆ ಯಾವಾಗ ಬಿಚ್ತೀಯ?" ಅಂದೆ.

"ಮೆಷಿನ್ ಹೊಲಿಗೆ ಪೂರ್ತಿ ಬಿದ್ದ ಮೇಲೆ." ಕಲಿಸಿದವಳು ನಾನೇ.

ಕೈಗೆ ಅಂಟಿಸಿದ್ದ ಡ್ರಿಪ್ ಸೂಜಿ ತೋರಿಸಿದೆ. "ಇದೂ ಕಚ್ಚಾ ಹೊಲಿಗೆನೇ. ಮೂಳೆ ವಾಸಿಯಾಗೋವರೆಗೆ ಬಿಚ್ಚಲ್ಲ."

ಆದರೂ ಅವನು ಬಾಯಿ ಮುಚ್ಚಲಿಲ್ಲ. ಚೆನ್ನಾಗಿರೋ ಕಿವಿಯನ್ನು ದಿಂಬಿಗೆ ಒತ್ತಿ, ಸೋಂಕಿನಿಂದ ಕೇಳಿಸದಾದ ಕಿವಿಯನ್ನು ಅವನ ಪಾಲಿಗೆ ಬಿಟ್ಟು ಮಲಗಿಬಿಟ್ಟೆ. ಎಷ್ಟು ಹೊತ್ತು ಕೂಗಾಡಿದನೋ. ರಾತ್ರಿಯ ಬಾಟಲಿ ಹಾಕಲು ನರ್ಸ್ ಮುಟ್ಟಿ ಎಬ್ಬಿಸಿದಾಗ ಕುರ್ಚಿ ಖಾಲಿಯಿತ್ತು.

ಔಷಧಿ ಹನಿಹನಿಯಾಗಿ ಇಳಿಯುತ್ತಿದೆ. ಇಳಿಯಲಿ.