ಅಮ್ಮನ ಕಟ್ಟಿದ ಮೂಗು

ಮಾರ್ಚ್ ೧೪, ಭಾನುವಾರ

ಅಕ್ಕನಿಗೆ,

ನಾನು ಕ್ಷೇಮ. ನೀನು ಕ್ಷೇಮವಾಗಿಲ್ಲ ಅನ್ನುವುದು ನಿನ್ನ ಪತ್ರದಿಂದ ತಿಳಿಯಿತು. ಅಮ್ಮ ಹೋದ ಮೇಲೆ ನೀನು ನನಗೆ ಬರೆದ ಮೊದಲ ಪತ್ರವಲ್ಲವೇ ಇದು? ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ, ಯಾರೋ ಸತ್ತಿರಬೇಕು ಅಂದುಕೊಂಡೆ. ಒಳಗೆ ನೋಡಿದರೆ ನೀನೇ ಸಾಯುವ ಮಾತಾಡುತ್ತಿದ್ದೀಯ.

ಬಿ.ಪಿ. ಬಂದಿದೆ, ಡಾಕ್ಟರ ಮಾತ್ರೆ ಮುಟ್ಟಿಲ್ಲ, ಅಮ್ಮನಿಗೆ ಬೇರಿನ ಪುಡಿ ಉಂಡೆಕಟ್ಟಿ ಮಾಡಿಕೊಡುತ್ತಿದ್ದ ಗುಳಿಗೆಯನ್ನೇ ನಾನೂ ನುಂಗುತ್ತಿದ್ದೇನೆ ಅಂತ ಬರೆದಿದ್ದೀಯ. ಬಿ.ಪಿ. ಹತೋಟಿಗೆ ಬಂದಿದೆಯಂತೆ. ಆದರೆ ಯಾವುದರಲ್ಲೂ ಮನಸ್ಸಿಲ್ಲ, ಅಂಗಡಿ ಬಾಗಿಲು ತೆಗೆಯಲೂ ಬೇಜಾರು, ಬೆಳಗಾಗುವುದೇ ಬೇಡ ಅನಿಸುತ್ತದೆ, ಅಮ್ಮ ಕರೆಯುತ್ತಿದ್ದಾಳೆ, ಹೋಗಿಬಿಡೋಣ ಅನಿಸುತ್ತದೆ. ಇದರ ನಡುವೆ ಒಂದು ಸಾಲು: ಮೂಗು ಬೇರೆ ಸದಾ ಕಟ್ಟಿಕೊಂಡಿರುತ್ತೆ, ಎಲ್ಲರೂ ಅಳ್ತಿದ್ದೀಯಾ ಅಂತ ಕೇಳ್ತಾರೆ. ಉಳಿದದ್ದನ್ನು ಒಂದು ಸಲ ಓದಿದೆ. ಆ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ.

ನಾನು ಗಂಡನನ್ನು ಬಿಟ್ಟು ಈ ಊರಿಗೆ ಕೆಲಸಕ್ಕೆ ಬಂದ ವರ್ಷ ಫೋನಿನಲ್ಲಿ ಅಮ್ಮನ ದನಿ ಮೂಗಿನಿಂದ ಬರುತ್ತಿತ್ತು. ಅಳ್ತಿದ್ದೀಯೇನಮ್ಮಾ ಅಂತ ಕೇಳಿದರೆ, ಇಲ್ಲ ಕಣೇ, ಮೂಗು ಕಟ್ಟಿದೆ ಅನ್ನುತ್ತಿದ್ದಳು. ನೀನು ಫೋನ್ ಕಿತ್ತುಕೊಂಡು, ಮೂಗೂ ಇಲ್ಲ ಮಣ್ಣೂ ಇಲ್ಲ, ನಿನ್ನ ಚಿಂತೇಲೇ ಹಗಲೂ ರಾತ್ರಿ ಅಳ್ತಾಳೆ, ಮಾಡೋದೆಲ್ಲ ಮಾಡ್ಬಿಟ್ಟು ಏನೂ ಗೊತ್ತಿಲ್ದೋಳ ಥರ ಕೇಳ್ತೀಯಲ್ಲ ಅಂದೆ. ನಾನು ಅಮ್ಮನ ಮಾತು ಬಿಟ್ಟು ನಿನ್ನ ಮಾತು ನಂಬಿದೆ.

ನಾನು ಒಂದು ಸಲ ಅವಳನ್ನು ನೋಡಲು ಬಂದಿದ್ದೆ, ನೆನಪಿದೆಯೇ? ಅಮ್ಮ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ರೆಪ್ಪೆ ಅರ್ಧ ಇಳಿಬಿದ್ದಿತ್ತು. ಬಂದವರನ್ನೆಲ್ಲ ಗೇಲಿ ಮಾಡಿ ನಗಿಸುತ್ತಿದ್ದ ಹೆಂಗಸು ನನ್ನನ್ನು ನೋಡಿ ಬಾ ಅಂತ ಕೂಡ ಅನ್ನಲಿಲ್ಲ. ನೀನು ಮಾತ್ರ ಬಿ.ಪಿ. ಮೆಷಿನ್ ಹಿಡಿದು ಸಡಗರದಲ್ಲಿದ್ದೆ. ಅವಳ ತೋಳಿಗೆ ಪಟ್ಟಿ ಸುತ್ತಿ, ನೋಡು, ಡಾಕ್ಟ್ರ ಕೈಲಿ ಇಳೀದೇ ಇದ್ದಿದ್ದು ನನ್ನ ಬೇರಿನ ಪುಡಿಗೆ ಹೇಗೆ ಇಳಿದಿದೆ, ಈಗ ದಿನಕ್ಕೊಂದು ಚಮಚಕ್ಕೆ ಏರಿಸಿದೀನಿ ಅಂತ ತೋರಿಸಿದೆ. ನಿಜ, ಇಳಿದಿತ್ತು. ನಿನ್ನ ಗಿಡಮೂಲಿಕೆ ಅಂಗಡಿಗೆ ಬರುವವರೆಲ್ಲ ನಿನ್ನನ್ನು ಡಾಕ್ಟ್ರಮ್ಮ ಅನ್ನುತ್ತಿದ್ದರು. ಕಾಲೇಜಿನ ಮೆಟ್ಟಿಲು ಹತ್ತದೆ ಸಿಕ್ಕ ಪದವಿ. ಮೆಷಿನ್ನಿನಲ್ಲಿ ಅಮ್ಮ ಚೆನ್ನಾಗಿದ್ದಳು. ಮನೆಯಲ್ಲಿ ಅವಳು ಊಟ ಬಿಟ್ಟಿದ್ದಳು.

ಕೊನೆಗೆ ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದು ನಿಂತವಳಿಗೆ ಕಣ್ಣು ಕತ್ತಲೆ ಬಂದು, ಬಚ್ಚಲ ಬಾಗಿಲಿಗೆ ತಲೆ ಹೊಡೆದುಕೊಂಡು ಬಿದ್ದಳು. ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನಿನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ನೀನು ನಡುಮನೆಯಲ್ಲಿ ಎಲ್ಲರೆದುರು, ಬಂದ್ಲು ನೋಡಿ, ಇವಳ ಕೊರಗಲ್ಲೇ ಅಮ್ಮ ಹೋಗಿದ್ದು ಅಂದೆ. ಸೋದರಮಾವ ಮುಖ ತಿರುಗಿಸಿದರು. ನನಗೆ ನೀರು ತರಲು ಎದ್ದ ಚಿಕ್ಕಮ್ಮ ಮತ್ತೆ ಕೂತುಬಿಟ್ಟಳು. ಅವತ್ತು ನೀನು ನನ್ನ ತಲೆ ಮೇಲೆ ಕೂರಿಸಿದ ಗೂಬೆಯನ್ನು ಯಾರೂ ಇಳಿಸಲಿಲ್ಲ. ಎಲ್ಲರಿಗಿಂತ ಹೆಚ್ಚಾಗಿ ಅದನ್ನು ನಂಬಿದವಳು ನಾನೇ. ಗಂಡನ ಮನೆಯಲ್ಲಿ ಇನ್ನೊಂದಿಷ್ಟು ಒದೆ ತಿಂದುಕೊಂಡು ಬಿದ್ದಿದ್ದರೆ ಅಮ್ಮ ಬದುಕುತ್ತಿದ್ದಳು ಅಂತ, ತಲೆ ಬಾಚುವಾಗ, ಬಸ್ಸಿಗೆ ಕಾಯುವಾಗ, ಎಲ್ಲೆಂದರಲ್ಲಿ ಅನಿಸುತ್ತಿತ್ತು.

ನಾನು ಕೆಲಸ ಮಾಡುವುದು ಔಷಧಿ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅಂತ ನಿನಗೆ ಗೊತ್ತು. ಹಿಂದಿನವರು ಎದೆಗೆ, ರಕ್ತಕ್ಕೆ ಒಳ್ಳೆಯದು ಅಂತ ಬಳಸುತ್ತಿದ್ದ ಗಿಡಗಳ ಸಾರ ತೆಗೆದು, ಇಲಿಗಳಿಗೆ ಕೊಟ್ಟು, ರಕ್ತದ ಒತ್ತಡ ಮತ್ತು ಎದೆಬಡಿತ ಅಳೆಯುತ್ತೇವೆ. ಇಲಿಯ ಬಾಲಕ್ಕೊಂದು ಪುಟ್ಟ ಪಟ್ಟಿ ಕಟ್ಟುತ್ತೇವೆ. ನಿನ್ನ ಮೆಷಿನ್ನಿನ ಮರಿ ಅಂದುಕೋ. ಈ ಸಲ ಹೊಸ ಗಿಡವೊಂದರ ಜೊತೆ ಹೋಲಿಸಿ ನೋಡಲು, ಸರ್ಪಗಂಧದ ಬೇರಿನಿಂದ ತೆಗೆದ ಅಂಶವನ್ನು ಕೆಲವು ಇಲಿಗಳಿಗೆ ಕೊಟ್ಟೆವು. ನಿನ್ನ ಗುಳಿಗೆಯ ಬೇರು ಅದೇ. ಒತ್ತಡ ಸೊಗಸಾಗಿ ಇಳಿಯಿತು, ಎದೆಬಡಿತ ನಿಧಾನವಾಯಿತು. ಮಾರನೆಯ ದಿನ ಪಂಜರದ ಮೇಲಿನ ಬಟ್ಟೆ ಸರಿಸಿದರೆ, ಒಂದು ಇಲಿ ಮೂಲೆಗೆ ಮುಖ ಮಾಡಿ, ಬೆನ್ನು ಬಾಗಿಸಿ ಕೂತಿತ್ತು. ರೆಪ್ಪೆ ಅರ್ಧ ಇಳಿದಿತ್ತು. ಮುಂದಿಟ್ಟ ಕಾಳು ಇಟ್ಟ ಹಾಗೇ ಇತ್ತು. ಅಕ್ಕ, ಅಮ್ಮ ಹಾಗೇ ಕೂರುತ್ತಿದ್ದಳು. ಪಂಜರದ ಮುಂದೆ ನೆಲದ ಮೇಲೇ ಕೂತುಬಿಟ್ಟೆ.

ನಮ್ಮ ಮೇಡಂ ಬಂದು ನೋಡಿ, ಇದು ಹಾಗೇನೇ, ಅಳತೆ ಮೀರಿದ್ರೆ ಒತ್ತಡದ ಜೊತೆ ಮನಸ್ಸನ್ನೂ ಇಳಿಸಿಬಿಡುತ್ತೆ ಅಂದರು. ಹಿಂದೆ ಜನಕ್ಕೆ ಧಾರಾಳವಾಗಿ ಕೊಡ್ತಿದ್ರು, ಕೆಲವರು ಮಂಕಾಗಿ ಮೂಲೆ ಸೇರಿದ್ರು, ಎದ್ದು ನಿಂತ್ರೆ ತಲೆ ಸುತ್ತೋದು, ಮೂಗು ಕಟ್ಟೋದು ಅಂದರು. ಮೂಗಾ ಅಂತ ಕೇಳಿದೆ. ಹೂಂ, ಮೂಗಿನೊಳಗಿನ ರಕ್ತನಾಳ ಹಿಗ್ಗುತ್ತಲ್ಲ, ನೆಗಡಿ ಆದ ಹಾಗೇ ಇರುತ್ತೆ ಅಂದರು.

ಅಮ್ಮ ಅಳುತ್ತಿರಲಿಲ್ಲ. ಅವಳು ಹೇಳಿದ್ದು ನಿಜ, ಮೂಗು ಕಟ್ಟಿತ್ತು. ಚಿಟಿಕೆಯ ಲೆಕ್ಕದಲ್ಲಿ ಕೊಡಬೇಕಾದ ಪುಡಿಯನ್ನು, ಒತ್ತಡ ಇಳಿದದ್ದು ನೋಡಿ ಹಿಗ್ಗಿ, ನೀನು ಚಮಚದ ಲೆಕ್ಕಕ್ಕೆ ಏರಿಸಿದ್ದೆ. ಡಾಕ್ಟರ ಮಾತ್ರೆಯನ್ನು ಕಸದ ಬುಟ್ಟಿಗೆ ಹಾಕಿದ್ದೆ. ಆಮೇಲೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನೀನು ಆಚೆ ಬಂದೆ, ನಾನು ಸಿಕ್ಕಿಬಿದ್ದೆ.

ಅವತ್ತಿನಿಂದ ಕಾಯುತ್ತಿದ್ದೆ. ನಿನ್ನ ಮಗಳ ಮದುವೆ ಬರಲಿ, ಕರೆಯದಿದ್ದರೂ ಹೋಗುತ್ತೇನೆ, ಅದೇ ಸೋದರಮಾವ, ಅದೇ ಚಿಕ್ಕಮ್ಮ ಇರುತ್ತಾರೆ, ಎಲ್ಲರೆದುರು ಹೇಳಿ ನಿನ್ನ ಮುಖ ಹೇಗಾಗುತ್ತದೆ ನೋಡುತ್ತೇನೆ ಅಂತ. ಯಾವ ಸೀರೆ ಉಡಬೇಕು ಅನ್ನುವುದನ್ನೂ ಯೋಚಿಸಿಟ್ಟಿದ್ದೆ. ನಗಬೇಡ. ಸೇಡು ತೀರಿಸಲು ಹೋಗುವವಳೂ ನಾಲ್ಕು ಜನರ ಕಣ್ಣಿಗೆ ಲಕ್ಷಣವಾಗಿ ಕಾಣಬೇಕಲ್ಲ.

ಅಷ್ಟರಲ್ಲಿ ನಿನ್ನ ಪತ್ರ ಬಂತು. ಓದಿ ಮುಗಿಸಿದಾಗ ನನಗೆ ಖುಷಿಯಾಯಿತು. ಸುಳ್ಳೇಕೆ ಹೇಳಲಿ? ನಾನು ಬೆರಳು ಎತ್ತಬೇಕಾಗಿಯೇ ಇರಲಿಲ್ಲ, ಉತ್ತರ ಬರೆಯದೆ ಸುಮ್ಮನಿದ್ದರೆ ಸಾಕಿತ್ತು. ನಿನ್ನ ಕೈಯಾರೆ ಕುಟ್ಟಿದ ಪುಡಿ, ನಿನ್ನದೇ ಗಂಟಲು. ನೀನೂ ಗೋಡೆಗೆ ಮುಖ ಮಾಡಿ ಕೂತು, ಒಂದು ಬೆಳಿಗ್ಗೆ ಎದ್ದು ನಿಲ್ಲುತ್ತಿದ್ದೆ. ಆ ಸುಖವನ್ನು ಎರಡು ದಿನ ಅನುಭವಿಸಿದೆ. ಕೆಲಸ ಮಾಡುತ್ತಾ ಹಾಡು ಗುನುಗುತ್ತಿದ್ದೆನಂತೆ, ಮೇಡಂ ಏನು ವಿಶೇಷ ಅಂತ ಕೇಳಿದರು.

ಆಮೇಲೆ ಅದರಲ್ಲಿ ನನಗೇ ಮೋಸ ಕಂಡಿತು. ಹಾಗೆ ಹೋದರೆ ನಿನಗೆ ಏನೂ ಗೊತ್ತಾಗುವುದಿಲ್ಲ. ಅಮ್ಮನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ ಮಗಳಾಗಿಯೇ ಹೋಗುತ್ತೀಯ. ಪಾಪ, ತಾಯಿ ನೆನಪಲ್ಲೇ ಹೋದ್ಲು ಅಂತ ಜನ ಕಣ್ಣೊರೆಸಿಕೊಳ್ಳುತ್ತಾರೆ. ಅದನ್ನು ನಾನು ಬಿಟ್ಟುಕೊಡಲಾರೆ. ಅದಕ್ಕೇ ಬರೆಯುತ್ತಿದ್ದೇನೆ: ಅಮ್ಮನನ್ನು ಕೊಂದದ್ದು ನನ್ನ ಕೊರಗಲ್ಲ, ನಿನ್ನ ಗುಳಿಗೆ. ನೀನು ಬೇಕೆಂದು ಮಾಡಲಿಲ್ಲ, ಗೊತ್ತು. ನಾನೂ ಅವಳನ್ನು ಅಳಿಸಬೇಕೆಂದು ಗಂಡನನ್ನು ಬಿಟ್ಟಿರಲಿಲ್ಲ. ಅವತ್ತು ನೀನು ಅದನ್ನು ಯೋಚಿಸಲಿಲ್ಲ. ಇವತ್ತು ನಾನೂ ಯೋಚಿಸುವುದಿಲ್ಲ.

ಕ್ಷಮಿಸು ಅಂತ ಬರೆಯಬೇಡ. ಓದದೆ ಹರಿದು ಹಾಕುತ್ತೇನೆ.

ಇಂತಿ,
ನೀನು ಮಾತು ಬಿಟ್ಟ ತಂಗಿ

ತಾ.ಕ.: ಈ ಪತ್ರವನ್ನು ಅಂಟಿಸಿ ನಿನ್ನ ಮಗಳಿಗೆ ಕಳಿಸುತ್ತಿದ್ದೇನೆ, ನಿನಗಲ್ಲ. ನಿನ್ನ ಪತ್ರ ಬಂದ ಮೂರನೆಯ ದಿನವೇ ಅವಳಿಗೆ ಫೋನ್ ಮಾಡಿ, ಗುಳಿಗೆ ಡಬ್ಬಿ ಸಮೇತ ನಿಮ್ಮಮ್ಮನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗು, ಒಂಟಿಯಾಗಿ ಬಿಡಬೇಡ, ರಾತ್ರಿ ಪಕ್ಕದಲ್ಲೇ ಮಲಗು ಅಂತ ಹೇಳಿದವಳು ನಾನು. ಅವಳಿಗೆ ತಾನಾಗಿ ಬುದ್ಧಿ ಬಂತು ಅಂತ ನೀನು ಅಂದುಕೊಂಡಿರುತ್ತೀಯ. ಆ ಮಂಕು ಪೂರ್ತಿ ಇಳಿಯಲು ವಾರಗಟ್ಟಲೆ ಹಿಡಿಯುತ್ತದೆ. ನಿಮ್ಮಮ್ಮ ಹೊಟ್ಟೆ ತುಂಬ ಉಂಡು, ಅಂಗಡಿಯಲ್ಲಿ ಕೂತು ನಗಾಡಿ, ನಿನ್ನ ಮೇಲೆ ರೇಗುವಷ್ಟು ಆಗುವವರೆಗೆ ಪತ್ರ ಕೊಡಬೇಡ ಅಂದಿದ್ದೇನೆ. ಆದ್ದರಿಂದ ನೀನು ಇದನ್ನು ಓದುತ್ತಿದ್ದೀಯ ಅಂದರೆ ಹುಷಾರಾಗಿದ್ದೀಯ. ಮಂಕು ಕವಿದವಳಿಗೆ ಇದು ನಾಟುತ್ತಿರಲಿಲ್ಲ. ಇಷ್ಟು ವರ್ಷ ನಾನು ಹೊತ್ತಿದ್ದನ್ನು ಇನ್ನು ನೀನು ಹೊರಬೇಕು, ಅಕ್ಕ. ಡಾಕ್ಟರ ಮಾತ್ರೆ ತಪ್ಪಿಸಬೇಡ. ಬಹಳ ವರ್ಷ ಬದುಕು.