ಹೊಂಗೆಮರದ ಹೊಲ ತೆರೆಯುತ್ತಿಲ್ಲ

ಪಟ್ಟಂದೂರು ಅಗ್ರಹಾರ,
೬ ಅಕ್ಟೋಬರ್ ೨೦೨೫

ನನ್ನ ಮುದ್ದು ವಸಂತಾ,

ಹೇಗಿದ್ದೀಯಪ್ಪ? ಇಂಜಿನ್ ರೂಮಿನ ಸೆಕೆಗೆ ಮೈಮೇಲೆ ಎದ್ದಿದ್ದ ಗುಳ್ಳೆಗಳು ವಾಸಿಯಾದವೇ? ನೀರು ಜಾಸ್ತಿ ಕುಡಿ. ನಿನ್ನ ಹಡಗಿಗೇ ಹೊಸದಾಗಿ ಹತ್ತುವ ಹುಡುಗ ಸಂಜೆ ಬರುತ್ತಾನಂತೆ. ಅವನ ಕೈಯಲ್ಲಿ ಈ ಕಾಗದ, ಜೊತೆಗೆ ಹುಚ್ಚೆಳ್ಳು ಚಟ್ನಿಪುಡಿ ಕಳಿಸುತ್ತಿದ್ದೇನೆ. ಎಲ್ಲರಿಗೂ ಹಂಚಿ ಡಬ್ಬಿ ಖಾಲಿ ಮಾಡಿಕೊಳ್ಳಬೇಡ, ನಿನ್ನ ಧಾರಾಳ ನನಗೆ ಗೊತ್ತು. ಫೋನಿದ್ದೂ ಅಮ್ಮ ಯಾಕೆ ಬರೆಯುತ್ತಾಳೆ ಅಂದುಕೊಳ್ಳುತ್ತೀಯ. ನೀನು ಫೋನ್ ಮಾಡಿದಾಗಲೆಲ್ಲ ನಿಮ್ಮಪ್ಪ ನನಗೆ ಅಂಟಿಕೊಂಡೇ ಕೂತಿರುತ್ತಾರೆ. ಅವರ ಎದುರಿಗೇ ಅವರ ವಿಷಯ ಹೇಗೆ ಹೇಳಲಿ?

ನನಗೆ ಭಯವಾಗಿದೆ ಕಣೋ. ನೀನು ಹೋಗುವ ಮುಂಚೆ ಅಪ್ಪನಿಗೋಸ್ಕರ ಕಂಪ್ಯೂಟರಿನಲ್ಲಿ ಟ್ರ್ಯಾಕ್ಟರ್ ಆಟ ಹಾಕಿಕೊಟ್ಟು, ಅದರೊಳಗೆ ನಮ್ಮ ಮಾರಿಹೋದ ರಾಗಿ ಹೊಲವನ್ನೇ ಮಾಡಿಟ್ಟೆಯಲ್ಲ, ಆ ಹೊಲ ಈಗ ತೆರೆಯುತ್ತಿಲ್ಲ. ಮರೆವು ಎಷ್ಟೇ ಕಾಡಿದರೂ ದಿನಾ ತಿಂಡಿಯಾದ ಮೇಲೆ ಅವರು ಆ ಪುಟ್ಟ ಸ್ಟೀರಿಂಗ್ ಹಿಡಿದು ಉಳುತ್ತಿದ್ದರು. ಹೊಂಗೆಮರದ ಹತ್ತಿರ ಬಂದಾಗ ಟ್ರ್ಯಾಕ್ಟರ್ ನಿಲ್ಲಿಸಿ, ನನ್ನ ಕೈಯಿಂದ ನಿಜವಾದ ಮಜ್ಜಿಗೆ ಈಸಿಕೊಂಡು ಕುಡಿಯುತ್ತಿದ್ದರು. "ಅಂಜೀ, ಬಾವಿ ಪಕ್ಕದ್ದು ನಾಳಿಕೆ ಮಾಡ್ತೀನಿ" ಅಂತ ಹೇಳಿ ಏಳುತ್ತಿದ್ದರು. ಆಮೇಲೆ ಗೇಟಿನ ಕಡೆ ತಲೆ ಕೂಡ ಹಾಕುತ್ತಿರಲಿಲ್ಲ.

ಹಾಳು ಮಾಡಿದವಳು ನಾನೇ. ಆಯುಧಪೂಜೆಯ ದಿನ ಮಿಕ್ಸಿ, ಹೊಲಿಗೆ ಯಂತ್ರ, ನೀರಿನ ಮೋಟರು ಎಲ್ಲವನ್ನೂ ಒರೆಸಿ, ವಿಭೂತಿ ಬಳಿದು, ಕುಂಕುಮ ಇಟ್ಟೆ. ಆವತ್ತು ಆಯುಧಕ್ಕೆ ಕೆಲಸ ಕೊಡಬಾರದಲ್ಲ. ಈ ಕಂಪ್ಯೂಟರ್ ಒಂದು ಮಾತ್ರ ಪರದೆ ತುಂಬ ಏನೇನೋ ಇಂಗ್ಲಿಷ್ ಸಾಲುಗಳನ್ನು ಓಡಿಸುತ್ತಾ ಕೂತಿತ್ತು. ಹಬ್ಬದ ದಿನವೂ ಇದಕ್ಕೇನು ದುಡಿಮೆ ಅಂತ ಪ್ಲಗ್ ಕಿತ್ತು, ಹೂವು ಮುಡಿಸಿ, ಕೈ ಮುಗಿದೆ. ಮರುದಿನ ಹಾಕಿದರೆ ಕಂಪ್ಯೂಟರ್ ಬಂತು, ಆಟ ಒತ್ತಿದರೆ ಬರೀ ಕಪ್ಪು.

ಮಹಡಿ ಮೇಲೆ ಬಾಡಿಗೆಗಿರುವ ಶೈಲಾ, ಅದೇ ರಾಯಚೂರು ಕಡೆಯ ಹುಡುಗಿ, ಬಂದು ನೋಡಿದಳು. ಅದು ವಿಂಡೋಸಿಗಾಗಿ ಮಾಡಿದ ಆಟ, ನಮ್ಮದು ಲಿನಕ್ಸ್, ಇಬ್ಬರ ನಡುವೆ ದುಭಾಷಿಯ ಹಾಗೆ ವೈನ್ ಅಂತ ಒಂದು ತಂತ್ರಾಂಶ ಇರುತ್ತದಂತೆ. ಅದು ಹೊಸದಾಗುತ್ತಿದ್ದಾಗಲೇ ನಾನು ಕರೆಂಟ್ ಕಿತ್ತೆನಂತೆ. "ಹೊಲ ಎಲ್ಲೂ ಹೋಗಿಲ್ರೀ ಅಮ್ಮಾರ, ನಡುವಿಂದಷ್ಟ ಕೆಟ್ಟೈತಿ" ಅಂತ ಸಮಾಧಾನ ಹೇಳಿದಳು. ಅದನ್ನು ಮತ್ತೆ ಹಾಕಲು ನಿನ್ನ ಪಾಸ್‌ವರ್ಡ್ ಬೇಕಂತೆ. ಅವಳು ನನ್ನ ಮುಖ ನೋಡಿ ಹಾಗಂದಳೋ, ನಿಜವಾಗಿಯೂ ಹೊಲ ಉಳಿದಿದೆಯೋ, ನನಗೆ ನಂಬಿಕೆಯಿಲ್ಲ.

ಆವತ್ತಿನಿಂದ ನಿಮ್ಮಪ್ಪ ಹೊಲಕ್ಕೆ ಹೊರಟು ನಿಲ್ಲುತ್ತಾರೆ. ಮೊನ್ನೆ ನಾನು ಬಟ್ಟೆ ಒಣಹಾಕುವಷ್ಟರಲ್ಲಿ ಹೋಗಿಯೇಬಿಟ್ಟಿದ್ದರು. ನಮ್ಮ ಹೊಲವಿದ್ದ ಜಾಗದಲ್ಲಿ ಎದ್ದಿರುವ ಐಟಿ ಪಾರ್ಕಿನ ಗೇಟಿನಲ್ಲಿ ಸೆಕ್ಯುರಿಟಿಯವನ ಜೊತೆ ಜಗಳಕ್ಕೆ ನಿಂತಿದ್ದರು, ನನ್ನ ಹೊಲಕ್ಕೆ ಬೇಲಿ ಹಾಕೋಕೆ ನೀನ್ಯಾರು ಅಂತ. ಅವನು ಪಾಪ ಒಳ್ಳೆಯವನು, ನೆರಳಿನಲ್ಲಿ ಕೂರಿಸಿ ನೀರು ಕೊಟ್ಟಿದ್ದ. ಆದರೆ ಅಲ್ಲಿಗೆ ಮುಟ್ಟಬೇಕಾದರೆ ಆ ರಸ್ತೆ ದಾಟಿದ್ದಾರೆ ವಸಂತಾ. ವಾಟರ್ ಟ್ಯಾಂಕರುಗಳು ಹೇಗೆ ನುಗ್ಗುತ್ತವೆ ನಿನಗೆ ಗೊತ್ತು. ಈಗ ಗೇಟಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೇನೆ. ಅವರು ಸರಳು ಹಿಡಿದು ನಿಂತರೆ ನಾನು ಅತ್ತ ನೋಡದೆ ಒಳಗೆ ಹೋಗುತ್ತೇನೆ. ಟ್ಯಾಂಕರಿನ ಹಾರ್ನ್ ಕೇಳಿದರೆ ಒಲೆ ಮೇಲಿನದನ್ನು ಬಿಟ್ಟು ಓಡಿ ಬರುತ್ತೇನೆ. ಕಟ್ಟಿಕೊಂಡ ಗಂಡನನ್ನೇ ಕೂಡಿಹಾಕಿದ್ದೀನಲ್ಲ ಅಂತ ಅಳುವೂ ಬರುತ್ತದೆ. ಹೊಲ ಒಂದು ತೆರೆದರೆ ಸಾಕು, ಎಲ್ಲ ಮೊದಲಿನಂತಾಗುತ್ತದೆ. ಹಬ್ಬದಿಂದೀಚೆಗೆ ನಿನ್ನ ಫೋನೂ ಸಿಗುತ್ತಿಲ್ಲ, ಈ ಕಾಗದ ಕಂಡ ಕೂಡಲೇ ಪಾಸ್‌ವರ್ಡ್ ಕಳಿಸು.

ನಮ್ಮ ಮುನೇಶ್ವರ ಆ ನೀರಿನ ಮೇಲೂ ನಿನ್ನ ಬೆನ್ನಿಗಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ದಾರಿ ನೋಡುವ ಅಮ್ಮ,
ಅಂಜಿನಮ್ಮ

ಇನ್ನೊಂದು ಮಾತು: ಹುಡುಗ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಶೈಲಾ ನಮ್ಮ ಹೊಲವನ್ನು ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಅಲ್ಲಿ ಆಟ ಓಡಿಸಿ ಈಗ ತಾನೇ ತಂದಿಟ್ಟಳು. ಬಾವಿ, ಬದು, ಹೊಂಗೆಮರ, ಒಂದೂ ಹೋಗಿಲ್ಲ. ನಾನು ಖುಷಿಗೆ ಕುಣಿಯುವುದೊಂದು ಬಾಕಿ. ನಿಮ್ಮಪ್ಪನನ್ನು ಕೈಹಿಡಿದು ಕರೆತಂದು ಕೂರಿಸಿದೆ. ತುಂಬಾ ಹೊತ್ತು ನೋಡಿದರು. ಸ್ಟೀರಿಂಗ್ ಮುಟ್ಟಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಹೊರಗಿನವರ ಹತ್ತಿರ ಮಾತಾಡುವ ಮರ್ಯಾದೆಯಲ್ಲಿ, "ಒಲ ಚೆನ್ನಾಗೈತೆ ಕಣಮ್ಮ. ನಿಮ್ದಾ?" ಅಂದರು.

ಪಾಸ್‌ವರ್ಡ್ ಬೇಡ ಮಗನೇ. ನಿಮ್ಮಪ್ಪನಿಗೆ ನಿನ್ನ ಮುಖದ ಗುರುತಾದರೂ ಇನ್ನೂ ಇದೆ. ನೀನೇ ಬಾ.