ನೀಲಿಯ ಕೆಳಗಿನ ತುಕ್ಕು

ಮೋರಟಗಿ
೨೬ ಮಾರ್ಚ್ ೨೦೨೬, ಗುರುವಾರ

ಸುವರ್ಣಾ, ಜೈಭೀಮ್.

ಹೆಂಡತಿಯಾದ ನಿನಗೆ ಕೊಟ್ಟ ಮಾತು: ಸಂಘಟನೆಯ ಜೀಪಿನಲ್ಲಿ ಮುಂದಿನ ಸೀಟು. ಕೊಡಲಿಲ್ಲ. ಇಪ್ಪತ್ತು ವರ್ಷ ಅಲ್ಲಿ ಮುಖಂಡರು ಕೂತರು. ನೀನು ಹಿಂದೆ, ರೊಟ್ಟಿ ಗಂಟಿನ ಜೊತೆ. ಮಗಳಿಗೆ ಕೊಟ್ಟ ಮಾತು: ಬೇಕಾದ್ದು ಕಲಿ. ಪ್ರಜ್ಞಾಗೆ ಐಟಿಐನಲ್ಲಿ ವೆಲ್ಡರ್ ಸೀಟು ಸಿಕ್ಕಿತು. ಹೆಣ್ಣುಮಕ್ಕಳ ಕೆಲಸವಲ್ಲ ಅಂದೆ. ಅದೇ ಸಂಜೆ ಕನ್ನೊಳ್ಳಿಯಲ್ಲಿ ಅದೇ ಜೀಪಿನ ಬಾನೆಟ್ ಹತ್ತಿ ಸಮಾನತೆಯ ಭಾಷಣ ಬಿಗಿದೆ. ಮರುದಿನ ನೀನು ಮುದ್ದೇಬಿಹಾಳದ ತವರಿಗೆ ಹೋದೆ. ಸರಿಯಾಗಿಯೇ ಮಾಡಿದೆ.

ವರ್ಷ ವರ್ಷ ಭೀಮ ಜಯಂತಿಗೆ ಆ ಹಳೇ ಜೀಪಿಗೆ ನೀಲಿ ಬಳಿದೆವು. ಅಡಿಯ ಚೌಕಟ್ಟು, ಆ ಚಾಸಿಯನ್ನೂ ಬಿಡಲಿಲ್ಲ. ಹಳೆಯ ಬಣ್ಣ ಒಮ್ಮೆಯೂ ಕೆರೆಯಲಿಲ್ಲ. ಈ ಸಲ ಪ್ರಜ್ಞಾ ಜೀಪಿನ ಕೆಳಗೆ ಮಲಗಿ ಸುತ್ತಿಗೆಯಿಂದ ಕುಟ್ಟಿದಳು. ಬಣ್ಣ ಉದುರಿತು, ಅದರ ಹಿಂದೆ ಕಬ್ಬಿಣವೂ. ಇಡೀ ಗಾಡಿ ಹೊರುವ ಎರಡು ಉದ್ದ ಕಂಬಿಗಳಲ್ಲಿ ಕೈ ತೂರುವಷ್ಟು ತೂತು!

'ಅಪ್ಪಾ, ನೀ ಇಷ್ಟ ದಿನ ಗಾಡಿ ಮ್ಯಾಲೆ ಅಲ್ಲ, ಬಣ್ಣದ ಮ್ಯಾಲೆ ಕುಂತಿದ್ದಿ' ಅಂದಳು.

ಗುಜರಿಗೆ ಹಾಕೋಣ ಅಂದೆ. 'ಬಾಯಿ ಮುಚ್ಕೊಂಡು ಎರಡ ವಾರ ಕುಂಡ್ರು' ಅಂದಳು. ಸೋಮನಿಂಗನ ಗ್ರಿಲ್ ಅಂಗಡಿಯಲ್ಲಿ ಮೂರು ವರ್ಷ ನನಗೆ ಕಾಣದಂತೆ ಕೆಲಸ ಕಲಿತಿದ್ದಾಳೆ.

ನಮ್ಮ ಅಂಗಳದಲ್ಲೇ ಕಲ್ಲಿನ ಮೇಲೆ ಜೀಪು ಎತ್ತಿ ನಿಲ್ಲಿಸಿ, ಚಾಸಿಯ ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆದಳು. ಕೊಳೆತದ್ದು ಕತ್ತರಿಸಿ ದಪ್ಪ ಪಟ್ಟಿ ಕೂಡಿಸಿದಳು. ಈ ಬದಿ ಒಂದಿಂಚು ಬೆಸುಗೆ, ಆಮೇಲೆ ಆ ಬದಿ ಒಂದಿಂಚು. ಒಮ್ಮೆಲೇ ಎಳಿ ಎಂದು ಅವಸರ ಮಾಡಿದೆ.

'ಒಂದೇ ಕಡಿ ಕಾಯ್ಸಿದ್ರ ಚಾಸಿ ಸೊಟ್ಟ ಆಗತೈತಿ. ಆರಾಕ ಬಿಡಬೇಕು.'

ಮೂವತ್ತು ವರ್ಷ ಚಳವಳಿ ಮಾಡಿದವನಿಗೆ ಆರಲು ಬಿಡುವುದು ಗೊತ್ತಿರಲಿಲ್ಲ, ಸುವರ್ಣಾ. ಕಬ್ಬಿಣ ನೀರಾಗಿ ಕಬ್ಬಿಣವನ್ನು ಅಪ್ಪುವುದನ್ನು ಕಂಡೆ. ಸೂರ್ಯನ ಚೂರೊಂದು ನಮ್ಮ ಮಗಳ ಮುಷ್ಟಿಯಲ್ಲಿತ್ತು. ಕಣ್ಣು ಕೀಳಲಾಗಲಿಲ್ಲ.

ಕಡೆಗೆ ಓಣಿಯ ಹನ್ನೆರಡು ಮಂದಿಯನ್ನು ಹತ್ತಿಸಿ ಮತ್ತೆ ದಾರ ಹಿಡಿದಳು. ಎಳೆಯಷ್ಟೂ ವ್ಯತ್ಯಾಸವಿಲ್ಲ. ಪಕ್ಕದ ಮನೆಯ ಹಜರಾಬಿ ಜೀಪಿನ ಮೇಲಿಂದಲೇ ಕೂಗಿದಳು: 'ಧರ್ಮಣ್ಣಾ, ನಿನ್ನ ಭಾಷಣಕ್ಕಿಂತ ಗಟ್ಟಿ ಐತಲ್ಲೋ!'

ಬಾ ಎನ್ನುವ ಹಕ್ಕು ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ತಪ್ಪೊಪ್ಪಿದ
ಧರ್ಮರಾಜ

ತಾ.ಕ.: ಅವ್ವಾ, ಅಕ್ಷರ ನಂದು ಅಂತ ಗುರುತು ಹಿಡಿದಿರ್ತಿ. ಬ್ಯಾಡ ಅಂದ್ರೂ ಅಪ್ಪ ವೆಲ್ಡಿಂಗ್ ಬೆಳಕ ಬರಿಗಣ್ಣಿಲೆ ನೋಡ್ಯಾನ. ಈಗ ಕಣ್ಣಿಗೆ ಹಸಿ ಅರಿವಿ ಕಟ್ಕೊಂಡು ಮಲಗಿ ಇದನ್ನ ಬರಸ್ಯಾನ. ಡಾಕ್ಟರ್ ಎರಡ ದಿನದಾಗ ಆರಾಮ ಆಗತೈತಿ ಅಂದಾರ. ನೀಲಿ ಇನ್ನಾ ಹಚ್ಚಿಲ್ಲ, ಮೊದಲ ನೀ ಬೆಸುಗಿ ನೋಡಬೇಕು. ಗಾಡಿ ನಾ ನಡಸ್ತೇನಿ, ಮುಂದಿನ ಸೀಟ ನಿಂದು. ಅಪ್ಪ ಹಿಂದ, ರೊಟ್ಟಿ ಗಂಟಿನ ಜೋಡಿ. ಮುದ್ದೇಬಿಹಾಳ ಬಸ್‌ಸ್ಟ್ಯಾಂಡ್ ಮುಂದ, ಏಪ್ರಿಲ್ ಐದು, ರವಿವಾರ, ಮುಂಜಾನೆ ಹತ್ತಕ್ಕ.